ಉಳಿದ ಇಪ್ಪತ್ತಮೂರು ನಿಮಿಷ

ಲೆನ್ನಿ ಹ್ರೂಸ್ಕಾ ನಮ್ಮ ಆಫೀಸಿಗೆ ಮೊದಲ ಸಲ ಬಂದ ದಿನ ಕೂರಲೇ ಇಲ್ಲ. ಗೋಡೆಗೆ ಒರಗಿ ನಿಂತುಕೊಂಡೇ ಆದದ್ದೆಲ್ಲ ಹೇಳಿದ.

"ಕೂತ್ರೆ ಎಬ್ಬಿಸೋಕೆ ಇಬ್ಬರು ಗಂಡಸರು ಬೇಕು ಕಣೆ ನಡೀನ್. ಇಲ್ಲಿರೋದು ನೀವಿಬ್ಬರೇ. ಯಾಕೆ ಸುಮ್ನೆ ನಿಮಗೆ ತೊಂದರೆ," ಅಂದ.

ನಾವಿಬ್ಬರು ಅಂದರೆ ನಾನು ಮತ್ತು ಲಾಯರ್ ಗ್ರೇಸ್ ಟಂಬುರಿನೊ. ಹೆದ್ದಾರಿ ಬದಿಯ ದೊಡ್ಡ ಬೋರ್ಡುಗಳಲ್ಲಿ ಕೈಕಟ್ಟಿ ನಿಂತು, 'ಪೆಟ್ಟಾಯಿತೇ? ನಮಗೆ ಫೋನ್ ಮಾಡಿ' ಎಂದು ಹಲ್ಲು ತೋರಿಸುವ ಲಾಯರುಗಳ ಪೈಕಿ ಗ್ರೇಸ್ ಅಲ್ಲ. ಬೇಕರಿಯ ಮೇಲಿನ ಎರಡು ಕೋಣೆಗಳೇ ಅವರ ಆಫೀಸು. ಅಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಫೈಲು ಜೋಡಿಸುತ್ತೇನೆ, ಫೋನು ಎತ್ತುತ್ತೇನೆ, ಅಳುವವರಿಗೆ ಕಾಫಿ ಕೊಡುತ್ತೇನೆ. ಪೆನ್ಸಿಲ್ವೇನಿಯಾದ ಈ ನದಿ ಕಣಿವೆಯಲ್ಲಿ ಉಕ್ಕಿನ ಕುಲುಮೆಗಳು ಆರಿಹೋಗಿ ಎಷ್ಟೋ ಕಾಲವಾಯಿತು. ಆದರೂ ಕೈಕಾಲು ಮುರಿಯುವ ಕೆಲಸಗಳಿಗೇನೂ ಬರ ಬಂದಿಲ್ಲ.

ಲೆನ್ನಿ ಸಿಮೆಂಟಿನ ಕೊಳವೆ ಮಾಡುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದ. ಅಕ್ಟೋಬರಿನಲ್ಲಿ ಒಂದು ಸರಪಳಿ ಕಿತ್ತು, ಆಳೆತ್ತರದ ಕೊಳವೆಯೊಂದು ಉರುಳಿ ಬಂದು ಅವನನ್ನು ಗೋಡೆಗೆ ಅದುಮಿತು. ಸೊಂಟದ ಮೂಳೆ ಒಡೆಯಿತು, ಬೆನ್ನಿನ ಎರಡು ಮೂಳೆ ಜಜ್ಜಿಹೋದವು. ಎರಡು ತಿಂಗಳ ಆಸ್ಪತ್ರೆಯ ನಂತರ ಬೆನ್ನಲ್ಲಿ ಲೋಹದ ಸರಳುಗಳನ್ನು ಹೊತ್ತುಕೊಂಡು, ಕೋಲು ಊರಿಕೊಂಡು ಮನೆಗೆ ಬಂದ. ನಾನೂ ಅವನೂ ಒಂದೇ ಶಾಲೆ. ಆಗ ಅವನಷ್ಟು ಜೋರಾಗಿ ನಗುವವರು ನಮ್ಮ ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ.

ಗ್ರೇಸ್ ಅವನಿಗೆ ಕಾನೂನು ಬಿಡಿಸಿ ಹೇಳಿದರು. ಕೆಲಸದಲ್ಲಿ ಪೆಟ್ಟಾದವನು ಕಾರ್ಖಾನೆಯ ಮೇಲೆ ಬೇರೆ ದಾವೆ ಹೂಡುವಂತಿಲ್ಲ. ಅದರ ಬದಲು ವಿಮಾ ಕಂಪನಿ ವಾರವಾರ ಸಂಬಳದ ಒಂದಂಶ ಕೊಡಬೇಕು, ಔಷಧಿ ಖರ್ಚು ನೋಡಿಕೊಳ್ಳಬೇಕು. ಕಂಪನಿ ತಕರಾರು ತೆಗೆದರೆ ಕಾರ್ಮಿಕ ಪರಿಹಾರದ ನ್ಯಾಯಾಧೀಶರ ಮುಂದೆ ವಾದ. ಗೆದ್ದರೆ ಐದರಲ್ಲಿ ಒಂದು ಪಾಲು ಲಾಯರಿಗೆ. ಸೋತರೆ ಏನೂ ಇಲ್ಲ.

ಕಡೆಯಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದರೆ ಮುಂದಿನ ಮಾತು ಮುಖ್ಯ ಅಂತ ನನಗೆ ಗೊತ್ತು.

"ಲೆನ್ನಿ, ಇನ್ನೊಂದು ಮಾತು. ವಿಮಾ ಕಂಪನಿಯವರು ನಿನ್ನ ಮೇಲೆ ಕಣ್ಣಿಡೋಕೆ ಜನ ಬಿಡ್ತಾರೆ. ಕ್ಯಾಮೆರಾ ಇಟ್ಕೊಂಡು ಕಾಯ್ತಾರೆ. ನಿನ್ನ ಮನೆ ಮುಂದೆ, ಅಂಗಡಿ ಮುಂದೆ, ಚರ್ಚ್ ಮುಂದೆ. ಡಾಕ್ಟರು ಎತ್ತಬೇಡ ಅಂದದ್ದನ್ನ ಎತ್ತಬೇಡ. ಬಗ್ಗಬೇಡ ಅಂದ್ರೆ ಬಗ್ಗಬೇಡ."

"ನಾನೇನು ಸಿನಿಮಾ ನಟನಾ? ನನ್ನ ತೆಗೆದು ಏನು ಮಾಡ್ತಾರೆ?"

"ನಾಲ್ಕು ನಿಮಿಷ ಸಿಕ್ಕಿದ್ರೆ ಸಾಕು. ಗುಣವಾಗಿದಾನೆ ಅಂತ ತೋರಿಸಿ ನಿನ್ನ ನಾಲ್ಕು ವರ್ಷ ಕಿತ್ಕೊಳ್ತಾರೆ."

ಲೆನ್ನಿ ನಕ್ಕ. ಆಮೇಲೆ ಆ ನಗು ಬಹಳ ದಿನ ನಮಗೆ ಕೇಳಿಸಲಿಲ್ಲ.

ಅವನ ಮನೆ ಗುಡ್ಡದ ಮೇಲಿನ ಬೀದಿಯಲ್ಲಿದೆ, ನಮ್ಮ ಮನೆಗಿಂತ ಎರಡು ತಿರುವು ಮೇಲೆ. ಜನವರಿಯಲ್ಲಿ ಒಂದು ಬೂದು ಬಣ್ಣದ ವ್ಯಾನು ಆ ಬೀದಿಯಲ್ಲಿ ನಿಲ್ಲತೊಡಗಿತು. ನಮ್ಮೂರಲ್ಲಿ ಹಿಮ ಬಗೆದು ಜಾಗ ಮಾಡಿಕೊಂಡವರು ಅಲ್ಲೊಂದು ಹಳೇ ಕುರ್ಚಿ ಇಟ್ಟು ಹೋಗುತ್ತಾರೆ. ಆ ಜಾಗಕ್ಕೆ ಬೇರೆ ಯಾರೂ ಬರುವುದಿಲ್ಲ. ವ್ಯಾನಿನವನು ಕುರ್ಚಿ ಪಕ್ಕಕ್ಕೆ ಸರಿಸಿ ಅಲ್ಲೇ ನಿಲ್ಲಿಸಿದ. ಇವನು ಹೊರಗಿನವನು ಎಂದು ಇಡೀ ಬೀದಿಗೆ ಅವತ್ತೇ ತಿಳಿಯಿತು.

ಲೆನ್ನಿ ಕಿಟಕಿ ಪರದೆ ಎಳೆದ. ಕಸದ ಡಬ್ಬ ಹೊರಗಿಡುವುದು ಬಿಟ್ಟ. ಹೆಂಡತಿ ಮಾರ್ಲೀನ್ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮುಗಿಸಿ ಬಂದು, ಹಿಮವನ್ನೂ ತಾನೇ ಬಗೆದಳು. ಎದುರುಮನೆಯವನು ಅದನ್ನು ನೋಡಿ, "ಲೆನ್ನಿ ಒಳಗೆ ಬೆಚ್ಚಗೆ ಟೀವಿ ನೋಡ್ತಿದಾನೋ?" ಎಂದು ಕೇಳಿದನಂತೆ. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುತ್ತಾರೆ. ಹದಿನೈದು ವರ್ಷ ಎಣ್ಣೆ ಬಾಣಲೆಯ ಮುಂದೆ ನಿಂತವನು ಲೆನ್ನಿ. ಆ ವರ್ಷ ತಿನ್ನುವುದಕ್ಕೂ ಬರಲಿಲ್ಲ. ಬಂದಿದ್ದರೆ 'ಆರಾಮಾಗಿ ಓಡಾಡ್ತಾನೆ' ಅನ್ನುತ್ತಿದ್ದರು. ಬರಲಿಲ್ಲವಾದ್ದರಿಂದ 'ಮುಖ ತೋರಿಸೋಕೆ ನಾಚಿಕೆ' ಅಂದರು.

ಫೆಬ್ರವರಿಯ ಒಂದು ಮಧ್ಯಾಹ್ನ ಸಹಿ ಹಾಕಿಸುವ ಕಾಗದ ತೆಗೆದುಕೊಂಡು ನಾನೇ ಅವನ ಮನೆಗೆ ಹೋದೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮಷೀನಿನ ಪಕ್ಕ ಒಂದು ಆರಾಮಕುರ್ಚಿ ಹಾಕಿಕೊಂಡಿದ್ದ. ಅಲ್ಲಿ ಕಿಟಕಿಯಿಲ್ಲ.

"ಇಲ್ಲಿ ಯಾಕೋ?" ಅಂದೆ.

"ಮೇಲೆ ಇದ್ರೆ ಪರದೆ ಸಂದಿಯಿಂದ ನೋಡ್ತಾನೇ ಇರ್ತೀನಿ. ವ್ಯಾನು ಇದೆಯಾ, ಹೋಯ್ತಾ. ಇದ್ರೂ ಭಯ, ಇಲ್ದಿದ್ರೂ ಭಯ." ಸಹಿ ಹಾಕಿ ಕೊಟ್ಟ. ನಾನು ಎದ್ದು ಮೆಟ್ಟಿಲ ಹತ್ತಿರ ಹೋದ ಮೇಲೆ ಮತ್ತೆ ಕರೆದ. "ನಡೀನ್, ಒಂದು ಕೇಳ್ತೀನಿ, ನಗಬೇಡ. ಕೆಲವು ದಿನ ಬೆನ್ನು ಸ್ವಲ್ಪ ಹಗುರ ಇರುತ್ತೆ. ಅಂಥಾ ದಿನಾನೂ ನಾನು ಕುಂಟ್ತೀನಿ. ಬಚ್ಚಲಿಗೆ ಹೋಗ್ತಾನೂ ಕುಂಟ್ತೀನಿ. ಒಬ್ಬನೇ ಇದ್ದಾಗಲೂ. ಈಗೀಗ ನನ್ನ ನಿಜವಾದ ಕುಂಟು ಎಷ್ಟು, ಅವರಿಗೆ ತೋರಿಸೋ ಕುಂಟು ಎಷ್ಟು ಅಂತ ನನಗೇ ಗೊತ್ತಾಗ್ತಿಲ್ಲ. ಹಾಗಾದ್ರೆ ನಾನು ಕಳ್ಳನಾ?"

"ಅಲ್ಲ ಕಣೋ" ಅಂದೆ. ಆ ಮಾತಿಗೆ ತೂಕವಿರಲಿಲ್ಲ, ಇಬ್ಬರಿಗೂ ಅದು ಗೊತ್ತಿತ್ತು.

ಮಾರ್ಚ್ ಮೂರನೇ ವಾರ ಹಿಮ ಕರಗುತ್ತಿತ್ತು. ಅವತ್ತು ಆದದ್ದನ್ನು ನಾನು ಆಮೇಲೆ ಎಲ್ಲರ ಬಾಯಿಂದ ತುಂಡುತುಂಡಾಗಿ ಕೇಳಿದೆ, ಸೇರಿಸಿ ಹೇಳುತ್ತೇನೆ.

ಬೀದಿಯ ಆಚೆ ಬದಿ, ಎರಡು ಮನೆ ಕೆಳಗೆ, ಸ್ಟೆಲಾ ವುಕೆಲಿಚ್ ಅನ್ನುವ ಎಂಬತ್ತೊಂದರ ಮುದುಕಿ ಒಬ್ಬಳೇ ಇರುತ್ತಾಳೆ. ಅವಳ ಕಾರಿನ ಶೆಡ್ಡಿಗೆ ಮರದ ಹಳೆಯ ಬಾಗಿಲು, ಮೇಲಕ್ಕೆತ್ತಿ ಸಿಕ್ಕಿಸುವಂಥದ್ದು. ಅವಳು ಬಗ್ಗಿ, ಹಿಮದ ಮೇಲೆ ಎರಚುವ ಉಪ್ಪಿನ ಚೀಲ ಎಳೆಯುತ್ತಿದ್ದಾಗ ಬಾಗಿಲಿನ ಸ್ಪ್ರಿಂಗ್ ಕಿತ್ತುಹೋಗಿ, ಇಡೀ ಬಾಗಿಲು ಕಳಚಿಕೊಂಡು, ಅವಳನ್ನು ಕೆಡವಿ ಎದೆಯ ಮೇಲೆ ಬಿತ್ತು. ಹಗಲು ಎರಡು ಗಂಟೆ. ಬೀದಿಯ ಗಟ್ಟಿಮುಟ್ಟಾದವರೆಲ್ಲ ಕೆಲಸದಲ್ಲಿದ್ದರು.

ಲೆನ್ನಿ ಅಡುಗೆಮನೆಯಲ್ಲಿದ್ದ. ಕೂಗು ಕೇಳಿತು. ಪರದೆ ಸರಿಸಿ ನೋಡಿದ. ಮೊದಲು ಕಂಡದ್ದು ಬೂದು ವ್ಯಾನು. ಆಮೇಲೆ ಬಾಗಿಲಿನ ಅಡಿಯಿಂದ ಆಡುತ್ತಿದ್ದ ಎರಡು ಕಾಲು. ಆಂಬುಲೆನ್ಸಿಗೆ ಫೋನ್ ಮಾಡಿದ. ಸೇತುವೆ ರಿಪೇರಿ, ಸುತ್ತಿಬಳಸಿ ಬರಬೇಕು, ಇಪ್ಪತ್ತು ಇಪ್ಪತ್ತೈದು ನಿಮಿಷ ಅಂದರು.

"ಫೋನ್ ಇಟ್ಟೆ," ಎಂದ ಲೆನ್ನಿ ಆಮೇಲೆ ನನ್ನ ಹತ್ತಿರ. "ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ವ್ಯಾನಿನಲ್ಲಿ ಒಬ್ಬ ಗಟ್ಟಿ ಆಳು ಇದಾನೆ, ಅವನು ಇಳೀತಾನೆ ಅಂತ ಕಾದೆ. ಅವನು ಇಳೀಲಿಲ್ಲ. ಅವಳ ಕೂಗು ಸಣ್ಣದಾಯ್ತು ನಡೀನ್. ಅದಾದ ಮೇಲೆ ಬೀದಿ ಹೇಗೆ ದಾಟಿದೆ ಅಂತ ನೆನಪಿಲ್ಲ."

ಕೋಲನ್ನು ಮನೆಯಲ್ಲೇ ಬಿಟ್ಟು ಬೀದಿ ದಾಟಿದ. ಬಾಗಿಲಿನ ಅಂಚಿಗೆ ಎರಡೂ ಕೈ ಹಾಕಿ ಎತ್ತಿದ. ಭುಜ ಕೊಟ್ಟು ಹಿಡಿದುಕೊಂಡು, "ತೆವಳಮ್ಮ ಸ್ಟೆಲಾ, ತೆವಳು, ನಿನ್ನ ದಮ್ಮಯ್ಯ" ಅಂದ. ಮುದುಕಿ ತೆವಳಿ ಹೊರಗೆ ಬಂದಳು. ಮೂರು ಪಕ್ಕೆಲುಬು ಮುರಿದಿದ್ದವು, ಅಷ್ಟೇ, ಬದುಕಿದಳು.

ನಾನು ಸಂಜೆ ಹೋಗಿ ಕೇಳಿದಾಗ ಲೆನ್ನಿ ನನ್ನಿಂದ ಮಾತು ತೆಗೆದುಕೊಂಡ: "ಗ್ರೇಸ್‌ಗೆ ಹೇಳಬೇಡ. ಇಷ್ಟು ಹೇಳಿದ್ರೂ ಕೇಳಲಿಲ್ಲ ಅಂತ ಕೇಸು ಬಿಟ್ಟುಬಿಡ್ತಾರೆ." ಅವನ ಮುಖ ನೋಡಿ ಒಪ್ಪಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು.

ಏಪ್ರಿಲಿನಲ್ಲಿ ವಿಮಾ ಕಂಪನಿಯ ಅರ್ಜಿ ಬಂತು. ಲೆನ್ನಿ ಹ್ರೂಸ್ಕಾ ಪೂರ್ತಿ ಗುಣವಾಗಿದ್ದಾನೆ, ಪರಿಹಾರ ನಿಲ್ಲಿಸಬೇಕು. ಜೊತೆಗೆ ಒಂದು ವಿಡಿಯೊ. ಗ್ರೇಸ್ ಅದನ್ನು ನನ್ನ ಕಂಪ್ಯೂಟರಿನಲ್ಲೇ ನೋಡಿದರು. ನಾಲ್ಕು ನಿಮಿಷ ಹತ್ತು ಸೆಕೆಂಡು. ಕೋಲಿಲ್ಲದೆ ದಾಪುಗಾಲು ಹಾಕುವ ಗಂಡಸು, ಭಾರದ ಬಾಗಿಲು, ಅದನ್ನೆತ್ತಿ ನಿಂತ ಭುಜ. ಮುದುಕಿ ಕಾಣುವುದೇ ಇಲ್ಲ. ವ್ಯಾನಿನ ಕಡೆಯಿಂದ ಕಲ್ಲಿನ ಗೋಡೆಯ ಮರೆ. ಏನೋ ಮರಗೆಲಸಕ್ಕೆ ಬಂದವನ ಹಾಗೆ ಕಾಣುತ್ತಾನೆ ಲೆನ್ನಿ. ಅವನು ಇನ್ನೂ ಬಾಗಿಲು ಹಿಡಿದಿರುವಾಗಲೇ ಚಿತ್ರ ಮುಗಿಯುತ್ತದೆ.

ಗ್ರೇಸ್ ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತು."

ನಾನು ತಲೆ ತಗ್ಗಿಸಿ, ಬಾಗಿಲಡಿ ಸಿಕ್ಕಿದ್ದ ಸ್ಟೆಲಾಳ ಕಥೆಯನ್ನೆಲ್ಲ ಹೇಳಿದೆ.

"ಸಂಜೆ ಮಾತಾಡೋಣ. ಈಗ ಅವನನ್ನ ಕರೆಸು."

ಲೆನ್ನಿ ಬಂದ. ಗ್ರೇಸ್ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಮೆಲ್ಲಗೆ ಮಾತಾಡಿದರು. "ಆ ಮುದುಕಿಯನ್ನ ಉಳಿಸಿದ್ದಕ್ಕೆ ನಾನು ನಿನ್ನ ಬಯ್ಯಲ್ಲ. ಮುಚ್ಚಿಟ್ಟಿದ್ದಕ್ಕೆ ಬಯ್ತೀನಿ. ಅವತ್ತೇ ಹೇಳಿದ್ರೆ ಅವತ್ತೇ ನಿನ್ನ ಡಾಕ್ಟರ ಹತ್ರ ಕಳಿಸ್ತಿದ್ದೆ. ಸಾಕ್ಷಿ ಕೈಯಲ್ಲಿರ್ತಿತ್ತು. ಈಗ ನೀನೂ ಅವರ ಹಾಗೆ ಅರ್ಧ ಕಥೆ ಹೇಳೋನು ಅಂತ ಕಾಣ್ತೀಯ."

"ಬಿಟ್ಟುಬಿಡಿ ಗ್ರೇಸ್. ಸಾಕಾಯ್ತು."

"ನಾನು ಬಿಡಲ್ಲ. ಬಾಗಿಲು ಎತ್ತಿದ ಮೇಲೆ ಏನಾಯ್ತು?"

"ಬಿದ್ದೆ."

"ಎಷ್ಟು ಹೊತ್ತು?"

"ಆಂಬುಲೆನ್ಸ್ ಬರೋವರೆಗೂ. ನನ್ನನ್ನೂ ಕರ್ಕೊಂಡು ಹೋಗ್ತೀವಿ ಅಂದ್ರು. ನಾನೇ ಬೇಡ ಅಂದೆ. ಹೆದರಿಕೆ. ಹಿಡಿದು ಮನೆಗೆ ಬಿಟ್ಟು ಹೋದ್ರು."

ಗ್ರೇಸ್ ಕನ್ನಡಕ ತೆಗೆದಿಟ್ಟರು. "ವ್ಯಾನು ಇತ್ತಾ ಅಷ್ಟು ಹೊತ್ತೂ?"

"ಇತ್ತು."

ಮೊದಲ ವಿಚಾರಣೆಯಲ್ಲಿ ಆ ನಾಲ್ಕು ನಿಮಿಷಗಳೇ ಗೆದ್ದವು. ಮುದುಕಿಗಾಗಿಯೇ ಎತ್ತಿರಲಿ, ಎತ್ತಲು ಆಯಿತಲ್ಲ ಎಂಬುದು ಕಂಪನಿಯ ವಾದ. ಪೂರ್ತಿ ವಿಡಿಯೊ ಬೇಕು ಎಂದು ಗ್ರೇಸ್ ಕೇಳಿದ್ದಕ್ಕೆ, ಇರುವುದು ಇಷ್ಟೇ ಎಂದರು ಕಂಪನಿಯ ವಕೀಲರು. ಕೊನೆಯ ತೀರ್ಪು ಬರುವ ತನಕ ವಾರದ ಹಣ ನಿಲ್ಲಿಸಬಹುದು ಎಂದು ನ್ಯಾಯಾಧೀಶರು ಆದೇಶ ಕೊಟ್ಟರು. ಮಾರ್ಲೀನ್ ಎರಡು ಪಾಳಿ ದುಡಿಯತೊಡಗಿದಳು. ಬೇಸಿಗೆ ಬಂತು, ನೆರೆಹೊರೆಯವರು ಹೊರಗೆ ಒಲೆ ಹಚ್ಚಿ ಮಾಂಸ ಸುಟ್ಟರು, ಬಿಯರ್ ಕುಡಿದರು. ಲೆನ್ನಿ ನೆಲಮಾಳಿಗೆಯಿಂದ ಮೇಲೆ ಬರಲಿಲ್ಲ. ಒಂದು ಭಾನುವಾರ ಮಾರ್ಲೀನ್ ನನಗೆ ಫೋನ್ ಮಾಡಿ, "ಒಗೆಯೋ ಮಷೀನ್ ಹಾಕೋಕೂ ನನಗೆ ಭಯ ಆಗುತ್ತೆ ನಡೀನ್. ಕೆಳಗೆ ಹೋದ್ರೆ ಅವನು ಸುಮ್ನೆ ಗೋಡೆ ನೋಡ್ತಾ ಇರ್ತಾನೆ. ನಾನು ಬಂದದ್ದೂ ಗೊತ್ತಾಗಲ್ಲ," ಎಂದು ಅತ್ತಳು.

ಗ್ರೇಸ್ ಸುಮ್ಮನಿರಲಿಲ್ಲ. ಆಂಬುಲೆನ್ಸಿನವರ ದಾಖಲೆ ತರಿಸಿದರು. ವಿಡಿಯೊದ ಮೂಲೆಯಲ್ಲಿ ಸಮಯ ಬಿದ್ದಿತ್ತು: ಮುಗಿದದ್ದು ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ. ಆಂಬುಲೆನ್ಸು ತಲುಪಿದ್ದು ಎರಡು ಮೂವತ್ತೇಳಕ್ಕೆ. 'ಶೆಡ್ಡಿನ ಮುಂದೆ ಒಬ್ಬ ಹೆಂಗಸು, ಒಬ್ಬ ಗಂಡಸು ನೆಲದ ಮೇಲೆ' ಎಂದು ಬರೆದಿದ್ದರು. ನಡುವೆ ಇಪ್ಪತ್ತಮೂರು ನಿಮಿಷ. ಚಿತ್ರ ತೆಗೆದವನನ್ನೇ ಸಾಕ್ಷಿಗೆ ಕರೆಸಿ ಎಂದು ಗ್ರೇಸ್ ಪಟ್ಟು ಹಿಡಿದರು.

ಜುಲೈ ಕೊನೆಯಲ್ಲಿ ಅವನು ಬಂದ. ಟ್ರಾಯ್ ಬೆಂಡಿಕ್ಸ್ ಅಂತ ಹೆಸರು. ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದವನು, ನಲವತ್ತರ ಹತ್ತಿರ. ನಾನು ಏನೋ ದೊಡ್ಡ ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆ. ಇಸ್ತ್ರಿ ಸರಿಯಾಗಿಲ್ಲದ ಅಂಗಿ ಹಾಕಿಕೊಂಡು ಬಂದಿದ್ದ, ಕೈಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅದು ಕೋರ್ಟು ಅನ್ನುವ ಹಾಗೂ ಇರಲಿಲ್ಲ. ಒಂದು ಉದ್ದ ಮೇಜಿನ ಕೋಣೆ. ಲೆನ್ನಿಗೂ ಅವನಿಗೂ ನಡುವೆ ನಾಲ್ಕು ಅಡಿ ದೂರ.

"ಎರಡು ಹದಿನಾಲ್ಕಕ್ಕೆ ಕ್ಯಾಮೆರಾ ನಿಲ್ಲಿಸಿದ್ರಾ?" ಗ್ರೇಸ್ ಕೇಳಿದರು.

ಬೆಂಡಿಕ್ಸ್, ವಿಮಾ ಕಂಪನಿಯ ವಕೀಲರ ಕಡೆ ನೋಡಿದ.

"ಅವರನ್ನ ನೋಡಬೇಡಿ. ನೀವು ಪ್ರಮಾಣ ಮಾಡಿದ್ದೀರಿ."

"ಇಲ್ಲ. ನಿಲ್ಲಿಸಲಿಲ್ಲ."

"ಹಾಗಾದ್ರೆ ಉಳಿದದ್ದು ಎಲ್ಲಿ?"

"ನಾನು ಪೂರ್ತಿ ಕಳಿಸಿದ್ದೆ ಮೇಡಂ. ಆಫೀಸಿನಲ್ಲಿ ಏನು ಇಟ್ಕೊಂಡ್ರು, ಏನು ಬಿಟ್ರು, ನನಗೆ ಗೊತ್ತಿಲ್ಲ."

"ನಿಮ್ಮ ಹತ್ರ ಇದೆಯಾ?"

"ಇದೆ. ಅಳಿಸೋಕೆ ಮನಸ್ಸಾಗ್ಲಿಲ್ಲ," ಅಂದ.

ಕಂಪನಿಯ ವಕೀಲರು ಎದ್ದುನಿಂತು ಆಕ್ಷೇಪಿಸಿದರು. ನ್ಯಾಯಾಧೀಶರು ಹೆಚ್ಚು ಮಾತಿನವರಲ್ಲ. "ಕೂತ್ಕೊಳ್ಳಿ. ಹಾಕಿ ನೋಡೋಣ," ಅಂದರು.

ಬೆಂಡಿಕ್ಸ್ ತನ್ನ ಲ್ಯಾಪ್‌ಟಾಪ್ ತೆರೆದು ಹಾಕಿದ. ಮುದುಕಿ ಗೋಡೆಯ ಮರೆಯಿಂದ ತೆವಳಿ ಬರುತ್ತಾಳೆ. ಲೆನ್ನಿ ಬಾಗಿಲು ಬಿಡುತ್ತಾನೆ. ಎರಡು ಹೆಜ್ಜೆ ಇಡುತ್ತಾನೆ. ಯಾರೋ ಕಾಲು ಕಡಿದ ಹಾಗೆ ಕುಸಿಯುತ್ತಾನೆ. ಮುಂದೆ ನೋಡುವುದು ಕಷ್ಟ. ಕೆಸರಾದ ಹಿಮದಲ್ಲಿ ಮೊಣಕೈ ಊರಿ ಏಳಲು ಹೋಗುತ್ತಾನೆ, ಬೀಳುತ್ತಾನೆ. ಮತ್ತೆ ಹೋಗುತ್ತಾನೆ. ಒಂದು ಸಲ ಅವನ ಬಾಯಿ ಅಗಲವಾಗಿ ತೆರೆಯುತ್ತದೆ, ಚಿತ್ರಕ್ಕೆ ಶಬ್ದವಿಲ್ಲ. ಮುದುಕಿ ತನ್ನ ಕೋಟಿನ ಒಂದು ಸೆರಗು ಎಳೆದು ಅವನ ಮೇಲೆ ಹಾಕುತ್ತಾಳೆ. ಆಮೇಲೆ ಅವನು ವ್ಯಾನಿನ ಕಡೆ ತಿರುಗಿ ಕೈ ಎತ್ತುತ್ತಾನೆ. ಬಾ ಅನ್ನುವ ಹಾಗೆ. ಕೈ ಇಳಿಸುತ್ತಾನೆ. ಮತ್ತೆ ಎತ್ತುತ್ತಾನೆ. ಕ್ಯಾಮೆರಾ ಅಲುಗಾಡುವುದಿಲ್ಲ.

ಇಪ್ಪತ್ತಮೂರು ನಿಮಿಷ ಆ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.

"ನೀವು ಎಲ್ಲಿದ್ರಿ?" ಗ್ರೇಸ್ ಕೇಳಿದರು.

"ವ್ಯಾನಿನಲ್ಲಿ."

"ಯಾಕೆ?"

"ಕಾಣಿಸ್ಕೋಬಾರದು ಅಂತ ನಿಯಮ." "ನಾನು ಆಂಬುಲೆನ್ಸಿಗೆ ಫೋನ್ ಮಾಡಿದ್ದೆ. ಆಗಲೇ ಹೊರಟಿದೆ ಅಂದ್ರು. ಅಷ್ಟೇ ಮಾಡಿದ್ದು." ನಂತರ, ಯಾರೂ ಕೇಳದೆಯೇ, ಲೆನ್ನಿಯ ಕಡೆ ತಿರುಗಿದ. "ನಾನು ಇಳೀಬೇಕಿತ್ತು."

ನಾನು ಲೆನ್ನಿಯ ಪಕ್ಕದಲ್ಲೇ ಕೂತಿದ್ದೆ. ಗೆದ್ದವನ ಮುಖ ಅದಾಗಿರಲಿಲ್ಲ. ಕೆಸರಿನಲ್ಲಿ ಹೊರಳುವ ತನ್ನನ್ನು ಎಂಟು ಜನ ಕೂತು ನೋಡಿದರು, ಬರೆದುಕೊಂಡರು. ಅವನ ಕಿವಿ ಕೆಂಪಗಾಗಿದ್ದವು.

ಮೆಟ್ಟಿಲಿಳಿಯುವಾಗ ಗ್ರೇಸ್ ಖುಷಿಯಿಂದ ಅವನ ತೋಳು ಹಿಡಿದು, "ಇನ್ನು ನಿನ್ನ ಸುಳ್ಳುಗಾರ ಅನ್ನೋಕೆ ಯಾರಿಗೂ ಬಾಯಿಲ್ಲ," ಅಂದರು.

"ಹೌದು," ಅಂದ ಲೆನ್ನಿ. "ಆದ್ರೆ ಅದಕ್ಕೆ ನಾನು ಹಾಗೆ ಬಿದ್ದಿರಬೇಕಾಯ್ತು, ಅವನು ತೆಗೀಬೇಕಾಯ್ತು. ತೆಗೀದೇ ಇದ್ದಿದ್ರೆ?"

ಗ್ರೇಸ್ ಅವನ ತೋಳು ಬಿಟ್ಟರು.

ನವೆಂಬರಿನಲ್ಲಿ ತೀರ್ಪು ಬಂತು. ಕಂಪನಿಯ ಅರ್ಜಿ ವಜಾ. ನಿಂತಿದ್ದ ಹಣವೆಲ್ಲ ಬಡ್ಡಿ ಸಮೇತ ಕೊಡಬೇಕು. ಅವತ್ತು ನಾನು ಕೆಳಗಿನ ಬೇಕರಿಯಿಂದ ಕೇಕು ತಂದೆ. ಲೆನ್ನಿ ಒಂದು ತುಂಡು ತಿಂದು ಕೇಳಿದ: "ಇಲ್ಲಿಗೆ ಮುಗೀತಾ?"

"ಈ ಅರ್ಜಿ ಮುಗೀತು," ಅಂದರು ಗ್ರೇಸ್. "ಅವರು ಮತ್ತೆ ಹಾಕಬಹುದು. ಮತ್ತೆ ಡಾಕ್ಟರ ಹತ್ರ ಕಳಿಸಬಹುದು. ಮತ್ತೆ ವ್ಯಾನು..."

"ಎಲ್ಲೀವರೆಗೆ?"

"ನೀನು ಕೆಲಸಕ್ಕೆ ಹೋಗೋವರೆಗೆ. ಇಲ್ಲಾ ಇತ್ಯರ್ಥ ಮಾಡ್ಕೊಳ್ಳೋವರೆಗೆ. ಒಂದೇ ಗಂಟಾಗಿ ದುಡ್ಡು ಕೊಟ್ಟು ಅವರು ಕೈತೊಳ್ಕೊಳ್ತಾರೆ. ಆಮೇಲೆ ಆಪರೇಷನ್ ಬಂದ್ರೂ ನಿನ್ನ ಪಾಡು ನಿಂದು. ನಾನು ಬೇಡ ಅಂತೀನಿ ಲೆನ್ನಿ. ಆ ಸರಳು ಇನ್ನೊಂದು ಸಲ ಬೆನ್ನು ಕೊಯ್ದು ತೆಗೀಬೇಕಾಗುತ್ತೆ ಅಂತ ನಿನ್ನ ಡಾಕ್ಟರೇ ಬರೆದಿದಾರೆ. ತೀರ್ಪು ನಮ್ಮ ಕಡೆ ಇದೆ. ಹಿಡ್ಕೊಂಡಿರು."

ಲೆನ್ನಿ ಮಾರ್ಲೀನಳ ಕಡೆ ನೋಡಿದ. ಅವನ ಪಕ್ಕದಲ್ಲಿ ಕೂತಿದ್ದ ಮಾರ್ಲೀನ್ ಹೇಳಿದಳು: "ಗ್ರೇಸ್, ನೀವು ಹೇಳೋದು ಸರಿ. ಲೆಕ್ಕ ನನಗೂ ಅರ್ಥ ಆಗುತ್ತೆ. ಆದ್ರೆ ಒಂದು ವರ್ಷದಿಂದ ನನ್ನ ಗಂಡ ನೆಲದ ಕೆಳಗೆ ಇದಾನೆ. ನನಗೆ ಅವನು ಮೇಲೆ ಬೇಕು."

ಇತ್ಯರ್ಥ ಬೇಡ ಎಂದು ಗ್ರೇಸ್ ಮೂರು ಸಲ ಹೇಳಿದರು, ಮೂರು ಸಲವೂ ಅವನು ಆಗಲ್ಲ ಎಂದು ತಲೆಯಾಡಿಸಿದ. ಕೊನೆಗೆ ಅವರೇ ಕಂಪನಿಯ ಜೊತೆ ಹೋರಾಡಿ, ಕಂಪನಿ ಮೊದಲು ಹೇಳಿದ್ದಕ್ಕಿಂತ ಮುಕ್ಕಾಲು ಪಾಲು ಹೆಚ್ಚು ಕೊಡಿಸಿದರು. ಬರುವ ಆಪರೇಷನ್ನಿಗೆ ಅಂತ ಬೇರೆ ಒಂದು ಭಾಗವನ್ನೂ ಎತ್ತಿಡಿಸಿದರು. ತಮ್ಮ ಪಾಲಿನಲ್ಲಿ ಎಷ್ಟು ಬಿಟ್ಟುಕೊಟ್ಟರು ಎಂದು ನನಗೆ ಗೊತ್ತು, ಹೇಳಬಾರದು ಅಂದಿದ್ದಾರೆ.

ಇತ್ಯರ್ಥಕ್ಕೂ ನ್ಯಾಯಾಧೀಶರ ಒಪ್ಪಿಗೆ ಬೇಕು. ಫೆಬ್ರವರಿಯಲ್ಲಿ ಅದೇ ಉದ್ದ ಮೇಜಿನ ಕೋಣೆ. ಅವರು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಇದು ಕೊನೆಯದು, ಮತ್ತೆ ತೆರೆಯಲಾಗದು, ಗೊತ್ತಾ? ಗೊತ್ತು. ಯಾವ ಅಮಲಿನಲ್ಲೂ ಇಲ್ಲವಲ್ಲ? ಇಲ್ಲ.

"ಸಹಿ ಹಾಕು ಅಂತ ಯಾರಾದ್ರೂ ಬಲವಂತ ಮಾಡಿದಾರಾ?"

ಹೇಳಿಕೆ ಟೈಪ್ ಮಾಡುತ್ತಿದ್ದವಳ ಬೆರಳು ಕಾದವು. ಗ್ರೇಸ್ ತಲೆ ಎತ್ತಿ ನೋಡಿದರು.

"ಹೆಸರು ಹೇಳೋ ಹಾಗೆ ಯಾರೂ ಇಲ್ಲ ಸ್ವಾಮಿ," ಅಂದ ಲೆನ್ನಿ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಮಿಸ್ಟರ್ ಹ್ರೂಸ್ಕಾ, ನನಗೆ ಹೌದು ಅಥವಾ ಇಲ್ಲ ಬೇಕು."

"ಇಲ್ಲ," ಅಂದ ಲೆನ್ನಿ.

ಮಾರ್ಲೀನ್ ಪಾಳಿಗೆ ಹೋಗಬೇಕಿತ್ತು. ಅವನನ್ನು ನಾನು ನನ್ನ ಕಾರಿನಲ್ಲಿ ಕರೆತಂದೆ. ಊರು ಹತ್ತಿರ ಬಂದಾಗ, ದೋಣಿ ಇಳಿಸುವ ಕಟ್ಟೆಯ ಹತ್ತಿರ ನಿಲ್ಲಿಸು ಅಂದ. ಇಳಿದು ಹೋದ. ನಾನು ಹೀಟರ್ ಹಾಕಿಕೊಂಡು ಕಾದೆ. ಒಂದು ಗಂಟೆ ಕಳೆಯಿತು. ನನಗೆ ಕೆಟ್ಟ ಯೋಚನೆಗಳು ಬಂದವು, ಸುಳ್ಳು ಹೇಳುವುದಿಲ್ಲ. ಇಳಿದು ಹುಡುಕೋಣ ಅಂದುಕೊಳ್ಳುವಷ್ಟರಲ್ಲಿ ವಾಪಸು ಬಂದ, ಮೂಗು ಚಳಿಗೆ ಕೆಂಪಗೆ.

"ಏನು ಮಾಡ್ತಿದ್ದೆಯೋ ಇಷ್ಟು ಹೊತ್ತು?"

"ಏನೂ ಇಲ್ಲ. ನಿಂತಿದ್ದೆ. ಸಾಕಾಯ್ತು, ಕೂತೆ. ಆಮೇಲೆ ಎದ್ದೆ. ಯಾರೂ ನೋಡ್ತಿರಲಿಲ್ಲ."

ಎರಡು ವರ್ಷದ ನಂತರ ಆ ಆಪರೇಷನ್ ಬಂದೇ ಬಂತು. ಎತ್ತಿಟ್ಟಿದ್ದ ಹಣದಲ್ಲಿ ಬಹುಪಾಲು ಅದಕ್ಕೇ ಹೋಯಿತು. ಗ್ರೇಸ್ ಹೇಳಿದ್ದು ಸರಿಯಾಗಿತ್ತು ಅಂತ ಲೆನ್ನಿಯೇ ಅವರಿಗೆ ಫೋನ್ ಮಾಡಿ ಹೇಳಿದ. "ಆದ್ರೂ ಮತ್ತೆ ಅದೇ ಕಾಗದ ಕೊಟ್ರೆ ಮತ್ತೆ ಸಹಿ ಹಾಕ್ತೀನಿ," ಅಂತಲೂ ಸೇರಿಸಿದ. ಈಗ ವಾರಕ್ಕೆ ಮೂರು ದಿನ, ಅರ್ಧರ್ಧ ಹೊತ್ತು, ಮುಖ್ಯ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಬೀಗದ ಕೈಗಳ ನಕಲು ಕೊರೆದು ಕೊಡುತ್ತಾನೆ. ಕೈ ಚುರುಕಾಗಿದೆ. ಬೆನ್ನು ಚಳಿಗೆ ಸೆಟೆದರೆ ಎರಡು ದಿನ ರಜೆ ಹಾಕುತ್ತಾನೆ, ಮಾಲೀಕ ಏನೂ ಅನ್ನುವುದಿಲ್ಲ.